ಕೊನೆಯ ಸೇವಂತಿಗೆ, ಒಂದು ಬಾಟಲಿ ನೀರು



ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಎಂಟನೇ ತರಗತಿಯ ಹುಡುಗಿಯೊಬ್ಬಳು ತೆಕ್ಕೆ ತುಂಬ ಸೇವಂತಿಗೆ ತಂದು ನನ್ನ ಮೇಜಿನ ಮೇಲಿಟ್ಟಳು. ಬಿಡಿ ಹೂವಲ್ಲ, ಕಡ್ಡಿ ಸಮೇತ ಕೊಯ್ದದ್ದು. "ಸಾರ್, ನಾಳೆ ಅಪ್ಪ ಗಿಡ ಎಲ್ಲಾ ತೆಗೆಸಿ ಉಳುಮೆ ಮಾಡಿಸ್ತಾರೆ. ಇನ್ನು ಬಿಡಿಸಿದ್ರೆ ಕೂಲಿನೂ ಗಿಟ್ಟಲ್ಲ ಅಂದ್ರು. ಅದಕ್ಕೇ ಉಳಿದಿದ್ದನ್ನ ನಾನೇ ಕುಯ್ಕೊಂಡು ಬಂದೆ" ಅಂದಳು.

ನಿಮ್ಮಲ್ಲಿ ಅರ್ಧ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯುಧ ಪೂಜೆಗೆ, ದೀಪಾವಳಿಗೆ ಇದೇ ಹೂವನ್ನು ಕಣ್ಣಿಗೆ ಒತ್ತಿಕೊಂಡು ಕೊಳ್ಳುತ್ತಾರೆ. ಕೊನೆಯ ಕೊಯ್ಲಿನ ಹೂವು ಮಾತ್ರ ಚಿಕ್ಕದು, ಅಲ್ಲೊಂದು ಇಲ್ಲೊಂದು ಬಿಟ್ಟಿರುವುದು. ಮಂಡಿಯಲ್ಲಿ ಅದನ್ನು ಕೇಳುವವರಿಲ್ಲ. ಇನ್ನೊಂದು ಮಾತು. ಹೂ ಬೆಳೆಯುವವರ ಮನೆಯಲ್ಲಿ ಹೂದಾನಿ ನೋಡಿದ್ದೀರಾ? ನಾನಂತೂ ನೋಡಿಲ್ಲ. ಬಾಗಲೂರು, ಬೇರಿಗೆ, ಕೆಲಮಂಗಲ, ತಳಿ, ರಾಯಕೋಟೆ ಎಲ್ಲಿ ಹೋದರೂ ಅಷ್ಟೇ. ಒಳ್ಳೆಯ ಹೂವೆಲ್ಲ ರಾತ್ರೋರಾತ್ರಿ ಟೆಂಪೋ ಹತ್ತಿ ಹೊಸೂರಿಗೋ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೋ ಹೋಗುತ್ತದೆ. ಬೆಳೆದವರ ಮನೆಯ ಕಿಟಕಿಯಲ್ಲಿ ಒಂದು ಹೂವೂ ಉಳಿಯುವುದಿಲ್ಲ. ಹಾಗಾಗಿ ವರ್ಷದಲ್ಲಿ ನಮ್ಮ ಪಾಲಿಗೆ ಬರುವ ಹೂವೆಂದರೆ ಈ ಕೊನೆಯದೇ.

ಅವಳು ಹೂವನ್ನು ಬಕೆಟ್ಟಿಗೆ ಹಾಕುತ್ತಾ ಒಂದು ಪ್ರಶ್ನೆ ಕೇಳಿದಳು. "ಸಾರ್, ಇದು ಈಗ ಸತ್ತಿದೆಯಾ, ಬದುಕಿದೆಯಾ?" ಹಿಂದಿನ ಬೆಂಚಿನ ಹುಡುಗರು ನಕ್ಕರು. ನಗುವ ಪ್ರಶ್ನೆ ಅದಲ್ಲ. ಬೇರಿಲ್ಲ, ಮಣ್ಣಿಲ್ಲ, ಗಿಡವೂ ಇಲ್ಲ. ಆದರೂ ಎರಡು ವಾರ ಬಣ್ಣ ಉಳಿಸಿಕೊಳ್ಳುವ ವಸ್ತುವನ್ನು ಏನೆಂದು ಕರೆಯಬೇಕು? ಆ ದಿನದ ಪಾಠ ಬದಿಗಿಟ್ಟು ನಾವು ಆ ಪ್ರಶ್ನೆಯನ್ನೇ ಹಿಡಿದೆವು.

ಮೊದಲು ಸಾಕ್ಷಿ ಬೇಕಲ್ಲ?

ಬದುಕಿರುವ ಜೀವಕೋಶ ಉಸಿರಾಡುತ್ತದೆ. ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಇಷ್ಟು ನೀವು ಓದಿದ್ದೀರಿ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಚಿಟಿಕೆಯಷ್ಟು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆಯಿರಿ. ಸುಣ್ಣ ಕಣ್ಣಿಗೆ ತಾಗಿದರೆ ಅಪಾಯ, ದೊಡ್ಡವರ ಕೈಯಲ್ಲೇ ಮಾಡಿಸಿ. ಅಗಲ ಬಾಯಿಯ ಎರಡು ಡಬ್ಬಿ ತಗೊಳ್ಳಿ. ಒಂದರಲ್ಲಿ ಹತ್ತು ಹನ್ನೆರಡು ಸೇವಂತಿಗೆ, ಅದರ ನಡುವೆ ತಿಳಿನೀರು ಇರುವ ಸಣ್ಣ ಬಟ್ಟಲು. ಇನ್ನೊಂದರಲ್ಲಿ ಬಟ್ಟಲು ಮಾತ್ರ. ಎರಡಕ್ಕೂ ಗಟ್ಟಿಯಾಗಿ ಮುಚ್ಚಳ ಹಾಕಿ ಕತ್ತಲಲ್ಲಿಡಿ. ಕತ್ತಲೇ ಯಾಕೆ ಅಂದರೆ, ಬೆಳಕಿದ್ದರೆ ಕಡ್ಡಿಯ ಮೇಲಿನ ಹಸಿರೆಲೆ ದ್ಯುತಿಸಂಶ್ಲೇಷಣೆ ಮಾಡಿ ಬಂದ ಕಾರ್ಬನ್ ಡೈಆಕ್ಸೈಡನ್ನು ವಾಪಸ್ ಹೀರಿಕೊಂಡು ಬಿಡುತ್ತದೆ.

ಮಾರನೆಯ ದಿನ ನಮ್ಮ ಎರಡೂ ಬಟ್ಟಲಿನ ಮೇಲೆ ತೆಳುವಾದ ಕೆನೆ ಕಟ್ಟಿತ್ತು. ಡಬ್ಬಿಯೊಳಗಿನ ಗಾಳಿಯಲ್ಲೂ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಅದಕ್ಕೆ ಹಾಗೆ. ಆದರೆ ಹೂವಿನ ಡಬ್ಬಿಯ ಬಟ್ಟಲು ಪೂರ್ತಿ ಬಿಳಿಯಾಗಿ ತಳ ಕಾಣುತ್ತಿರಲಿಲ್ಲ. ಎರಡನೆಯ ಡಬ್ಬಿ ಇಟ್ಟಿರದಿದ್ದರೆ ಈ ವ್ಯತ್ಯಾಸ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅಂತೂ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಬದುಕಿದೆ. ಬದುಕಿದೆ ಅಂದ ಮೇಲೆ ಎಷ್ಟು ದಿನ, ಯಾವುದನ್ನು ತಿಂದು, ಯಾವುದರಿಂದ ಸಾಯುತ್ತದೆ ಅನ್ನುವ ಪ್ರಶ್ನೆಗಳೂ ಹಿಂದೆಯೇ ಬಂದವು.

ಹೂವು ಯಾಕೆ ಕೊನೆಯಾಯಿತು?

ನಮ್ಮ ಗಡಿ ಸೀಮೆಯಲ್ಲಿ ಈ ಹೂವಿಗೆ ಮೂರು ಹೆಸರು. ಮನೆಯಲ್ಲಿ ಸೇವಂತಿಗೆ, ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಸಾಮಂದಿ, ಪಕ್ಕದ ತೆಲುಗು ಮಾತಾಡುವವರ ಬಾಯಲ್ಲಿ ಚಾಮಂತಿ. ಹೆಸರು ಯಾವುದಾದರೂ ಇದು ರಾತ್ರಿಯನ್ನು ಅಳೆಯುವ ಗಿಡ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತದೆ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪಿನ ಗಿಡವನ್ನು ಕತ್ತಲ ಪೆಟ್ಟಿಗೆಗೆ ಸೇರಿಸುತ್ತಾ, ಹೊರಗೆ ತೆಗೆಯುತ್ತಾ ಈ ಗುಟ್ಟನ್ನು ಪ್ರಕಟಿಸಿದರು. ಆಮೇಲೆ ಅದು ಎಷ್ಟೋ ಗಿಡಗಳಿಗೆ ಹೊಂದುತ್ತದೆ ಎಂದು ತಿಳಿಯಿತು, ಸೇವಂತಿಗೆಗೂ.

ಹೊಸೂರು ಸಮಭಾಜಕ ವೃತ್ತದಿಂದ ಸುಮಾರು 12.7 ಡಿಗ್ರಿ ಉತ್ತರಕ್ಕಿದೆ. ನಮ್ಮಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ನಡುವಿನ ವ್ಯತ್ಯಾಸ ಬರೀ ಒಂದೂವರೆ ಗಂಟೆ. ನಮಗೆ ನಿಮಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಹೆಚ್ಚೆಂದರೆ ಸ್ಕೂಲ್ ಬಿಟ್ಟ ಮೇಲೆ ಆಟಕ್ಕೆ ಬೆಳಕು ಸಾಲದು ಅಂತ ಗೊಣಗುತ್ತೇವೆ. ಗಿಡದ ಎಲೆಗೆ ಅದು ಗೊತ್ತಾಗುತ್ತದೆ. ರಾತ್ರಿ ಹೊತ್ತು ಕೆಲವು ಸೇವಂತಿಗೆ ತೋಟಗಳಲ್ಲಿ ಸಾಲಾಗಿ ಬಲ್ಬು ಉರಿಯುವುದನ್ನು ನೋಡಿದ್ದೀರಲ್ಲ? ಅದು ಕಳ್ಳರನ್ನು ಓಡಿಸಲು ಅಲ್ಲ. ಉದ್ದದ ರಾತ್ರಿಯನ್ನು ನಡುವೆ ಬೆಳಕಿನಿಂದ ಮುರಿದರೆ ಗಿಡ ರಾತ್ರಿ ಇನ್ನೂ ಚಿಕ್ಕದೆಂದು ತಿಳಿದು ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯುತ್ತದೆ. ಬೇಕಾದಾಗ ಬಲ್ಬು ಆರಿಸಿ, ಬೇಕಾದ ಹಬ್ಬಕ್ಕೆ ಹೂ ಬರುವಂತೆ ರೈತರು ಲೆಕ್ಕ ಹಾಕುತ್ತಾರೆ.

ಮೊಗ್ಗು ಕಟ್ಟಲು ತೊಡಗಿದ ದಿನದಿಂದ ಹೂ ಅರಳುವವರೆಗೆ ಎಷ್ಟೋ ವಾರ ಬೇಕು. ಅಂದರೆ ಜನವರಿ ಕೊನೆಯಲ್ಲಿ ಆ ಹುಡುಗಿ ಕೊಯ್ದ ಹೂವಿನ ತೀರ್ಮಾನ ಕಾರ್ತಿಕದ ಚಳಿ ರಾತ್ರಿಗಳಲ್ಲೇ ಆಗಿಹೋಗಿತ್ತು. ಹೂ ಬಿಟ್ಟ ಕಡ್ಡಿಯ ತುದಿ ಮತ್ತೆ ಬೆಳೆಯುವುದಿಲ್ಲ. ಇನ್ನು ಬೆಳೆಯುವುದೇನಿದ್ದರೂ ಬುಡದಿಂದ ಎದ್ದು ಬರುವ ಮರಿಗಳು.

ಒಂದು ಹೂವಲ್ಲ, ನೂರಾರು

ಬಾಟಲಿಗೆ ಇಡುವ ಮೊದಲು ಒಂದನ್ನು ಬಿಚ್ಚಿ ನೋಡಿ. ಸೇವಂತಿಗೆಯನ್ನು ನಾವು ಒಂದು ಹೂವು ಅನ್ನುತ್ತೇವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಒಂದು ಊರು. ನೀವು ಎಸಳು ಅಂತ ಕೀಳುವ ಪ್ರತಿಯೊಂದೂ ಒಂದು ಕಿರುಹೂವು. ಬುಡದಲ್ಲಿ ಲೆನ್ಸ್ ಹಿಡಿದು ನೋಡಿದರೆ ಕವಲೊಡೆದ ಸಣ್ಣ ಶಲಾಕೆ ಕಾಣುತ್ತದೆ. ನಡುವೆ ಹಳದಿ ಬಟ್ಟು ಇರುವ ತಳಿಯಾದರೆ ಇನ್ನೂ ಚೆನ್ನ. ಆ ಬಟ್ಟಿನ ತುಂಬ ಕೊಳವೆಯಂಥ ಕಿರುಹೂಗಳು, ಅವು ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಅರಳುತ್ತವೆ. ಹಳದಿ ಪರಾಗ ಯಾವ ಸುತ್ತಿನಲ್ಲಿದೆ ಎಂದು ನೋಡಿದರೆ ಹೂವಿನ ವಯಸ್ಸು ಹೇಳಬಹುದು. ಹೊರ ಸುತ್ತಿನಲ್ಲಿ ಮಾತ್ರ ಪರಾಗ ಇದ್ದರೆ ಎಳೆಯ ಹೂವು, ಬಾಟಲಿಯಲ್ಲಿ ಹೆಚ್ಚು ದಿನ ಬರುತ್ತದೆ. ನಡುವಿನವರೆಗೂ ಪರಾಗ ಉದುರಿದ್ದರೆ ಅದಕ್ಕೆ ಆಯಸ್ಸು ಕಡಿಮೆ.

ಸೂರ್ಯಕಾಂತಿ, ಜರ್ಬೆರಾ, ಚೆಂಡುಹೂವು, ಬೇಲಿ ಬದಿಯ ತುಂಬೆಯಲ್ಲ, ಹಿತ್ತಲಿನ ಗರುಗದ ಸೊಪ್ಪಿನ ಬಿಳಿ ಹೂವು, ಎಲ್ಲ ಇದೇ ಮನೆತನ. (ತುಂಬೆ ಬೇರೆ ಕುಟುಂಬ, ತುಳಸಿಯ ನೆಂಟ. ಪರೀಕ್ಷೆಯಲ್ಲಿ ಬರೆಯಬೇಡಿ.)

ಕತ್ತರಿ ಬಿದ್ದ ಕ್ಷಣ

ಈಗ ಮುಖ್ಯ ವಿಷಯ. ಗಿಡದೊಳಗೆ ನೀರು ಮೇಲೇರುವುದು ಕೆಳಗಿನಿಂದ ಯಾರೋ ಪಂಪ್ ಮಾಡುವುದರಿಂದ ಅಲ್ಲ. ಎಲೆಗಳ ಪತ್ರರಂಧ್ರದಿಂದ ನೀರು ಆವಿಯಾಗಿ ಹೋದಂತೆ ಹಿಂದಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಕ್ಸೈಲಂ ಕೊಳವೆಯೊಳಗೆ ಅದು ಹಗ್ಗದ ಹಾಗೆ ಎಳೆದು ನಿಂತಿರುತ್ತದೆ. 1894ರಲ್ಲಿ ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ ಮುಂದಿಟ್ಟ ವಿವರಣೆ ಇದು, ಇವತ್ತಿಗೂ ಪಠ್ಯಪುಸ್ತಕದಲ್ಲಿದೆ.

ಬಿಗಿಯಾಗಿ ಎಳೆದ ಹಗ್ಗವನ್ನು ಕಡಿದರೆ ತುಂಡು ಸರ‍್ರನೆ ಹಿಂದಕ್ಕೆ ಹೋಗುತ್ತದಲ್ಲ, ಇಲ್ಲೂ ಹಾಗೇ. ಕಡ್ಡಿ ಕತ್ತರಿಸಿದ ಕೂಡಲೇ ನೀರು ಮೇಲಕ್ಕೆ ಸರಿದು ಕೊಯ್ದ ತುದಿಯಲ್ಲಿ ಗಾಳಿ ನುಗ್ಗುತ್ತದೆ. ಆಮೇಲೆ ನೀವು ಅದನ್ನು ಕೊಡದಲ್ಲಿ ಮುಳುಗಿಸಿದರೂ ಗಾಳಿಗುಳ್ಳೆ ದಾರಿ ತಡೆದು ಕೂತಿರುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾ ನಡುವೆ ಸೀಳಿದ್ದರೆ ಎಷ್ಟು ಹೀರಿದರೂ ಬರೀ ಗಾಳಿ ಬರುತ್ತದಲ್ಲ, ಅದೇ ಅವಸ್ಥೆ. ನೀರಿನಲ್ಲಿಟ್ಟರೂ ಹೂವು ಬಾಯಾರಿ ಬಾಡುವುದು ಹೀಗೆ.

ಪರಿಹಾರ ಸುಲಭ. ಮನೆಗೆ ತಂದ ಮೇಲೆ ಬಕೆಟ್ ನೀರಿನ ಒಳಗೇ ಕಡ್ಡಿಯ ತುದಿ ಹಿಡಿದು ಎರಡು ಮೂರು ಸೆಂಟಿಮೀಟರ್ ಮತ್ತೆ ಕತ್ತರಿಸಿ. ಗಾಳಿ ತುಂಬಿದ ತುಂಡು ಹೋಗಿ, ಹೊಸ ಬಾಯಿ ನೀರಿನೊಳಗೇ ತೆರೆಯುತ್ತದೆ. ಕುಡುಗೋಲಿನಿಂದ ಜಜ್ಜಬೇಡಿ. ಕೆಲವರು ಕಡ್ಡಿಯ ತುದಿಯನ್ನು ಕಲ್ಲಿನಿಂದ ಕುಟ್ಟುತ್ತಾರೆ. ಕುಟ್ಟಿದರೆ ಕೊಳವೆಗಳು ಮುದುಡುತ್ತವೆ, ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ, ಅಷ್ಟೇ. ಓರೆಯಾಗಿ ಕತ್ತರಿಸಬೇಕೆಂದು ಹೇಳುವುದಕ್ಕೂ ದೊಡ್ಡ ಮಾಯೆ ಏನಿಲ್ಲ. ನೇರವಾಗಿ ಕತ್ತರಿಸಿದ ತುದಿ ಬಾಟಲಿಯ ತಳಕ್ಕೆ ಅಂಟಿ ಕೂರಬಹುದು, ಓರೆ ಇದ್ದರೆ ಕೂರುವುದಿಲ್ಲ.

ಎರಡನೆಯ ಶತ್ರು ಬ್ಯಾಕ್ಟೀರಿಯಾ. ನೀರಿನಲ್ಲಿ ಮುಳುಗಿದ ಎಲೆ ಕೊಳೆಯುತ್ತದೆ, ಕೊಳೆತಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವು ಮತ್ತು ಅವುಗಳ ಲೋಳೆ ಸೇರಿ ಕ್ಸೈಲಂ ಬಾಯಿ ಮುಚ್ಚುತ್ತವೆ. ಜರ್ಬೆರಾ, ಗುಲಾಬಿ ತಲೆ ಎತ್ತಲಾರದೆ ಕತ್ತು ಬಾಗಿಸುವುದು ಎಷ್ಟೋ ಸಲ ಇದರಿಂದ. ಆದ್ದರಿಂದ ನೀರಿನ ಮಟ್ಟಕ್ಕಿಂತ ಕೆಳಗಿನ ಎಲೆಯೆಲ್ಲ ತೆಗೆಯಿರಿ, ಬಾಟಲಿಯನ್ನು ಸೋಪು ಹಾಕಿ ಉಜ್ಜಿ ತೊಳೆಯಿರಿ, ನೀರನ್ನು ದಿನಾ ಬದಲಿಸಿ. ಹೂದಾನಿಗೆ ನಾಣ್ಯ ಹಾಕಿದರೆ ಹೂ ಬಾಡದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳ ಕಾಲದ ತಾಮ್ರದ ಕಾಸಿಗೆ ಬ್ಯಾಕ್ಟೀರಿಯಾವನ್ನು ತಡೆಯುವ ಗುಣ ಸ್ವಲ್ಪ ಇತ್ತು. ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು. ಅದನ್ನು ಹಾಕುವ ಬದಲು ಮಿಠಾಯಿ ತಿನ್ನಿ.

ಮೂರನೆಯದು ಹಸಿವು. ತೋಟದಲ್ಲಿದ್ದಾಗ ಎಲೆಗಳು ಸಕ್ಕರೆ ಮಾಡಿ ಫ್ಲೋಯಂ ಮೂಲಕ ಹೂವಿಗೆ ಕಳಿಸುತ್ತಿದ್ದವು. ನಿಮ್ಮ ಕೋಣೆಯ ಮಬ್ಬು ಬೆಳಕಿನಲ್ಲಿ ಆ ಕೆಲಸ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಕೊಯ್ದ ಹೂವು ತನ್ನಲ್ಲಿರುವ ಉಳಿತಾಯವನ್ನು ಕರಗಿಸಿಕೊಂಡು ಬದುಕುತ್ತದೆ. ಸಂಬಳ ನಿಂತ ಮನೆಯ ಹಾಗೆ. ಎಷ್ಟು ವೇಗವಾಗಿ ಕರಗುತ್ತದೆ ಅನ್ನುವುದು ಸೆಕೆಯ ಮೇಲೆ ನಿಂತಿದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟ ಸುಮಾರಾಗಿ ಎರಡು ಮೂರು ಪಟ್ಟಾಗುತ್ತದೆ. ಹೊಸೂರಿನ ಸುತ್ತ ಗುಲಾಬಿ ಪಾಲಿಹೌಸ್‌ಗಳಲ್ಲಿ ಕೆಲಸ ಮಾಡುವ ಅಕ್ಕಂದಿರನ್ನು ಕೇಳಿ ನೋಡಿ. ಫೆಬ್ರವರಿ 14ಕ್ಕೆ ವಿದೇಶಕ್ಕೆ ಹೋಗುವ ತಾಜ್ ಮಹಲ್ ತಳಿಯ ಕೆಂಪು ಗುಲಾಬಿಯನ್ನು ಮೊಗ್ಗಿನಲ್ಲೇ ಕತ್ತರಿಸಿ, ತಡಮಾಡದೆ ನೀರಿಗಿಳಿಸಿ, ತಣ್ಣನೆಯ ಕೋಣೆಗೆ ಸೇರಿಸುತ್ತಾರೆ. ಗುಲಾಬಿಗೆ ಹೇಳಿದ ತಂಪು 2ರಿಂದ 4 ಡಿಗ್ರಿ. ಆ ಚಳಿಯಲ್ಲಿ ಹೂವಿನ ಉಸಿರಾಟ ಬಹಳ ನಿಧಾನವಾಗಿ, ಉಳಿತಾಯ ಉಳಿಯುತ್ತದೆ. ಅಮುದಗೊಂಡಪಳ್ಳಿಯ ಟಾನ್‌ಫ್ಲೋರಾದಂಥ ಕಡೆಯಿಂದ ಹೊರಟ ಗುಲಾಬಿ ಸಮುದ್ರ ದಾಟಿಯೂ ಅರಳುವುದರ ಹಿಂದೆ ಇರುವುದು ಈ ಲೆಕ್ಕವೇ. ತಳಿಯಲ್ಲಿ ಇಸ್ರೇಲ್ ದೇಶದ ಸಹಕಾರದಿಂದ ನಡೆಯುವ ಹೂ ಬೆಳೆಯ ಕೇಂದ್ರವೂ ಇದೆ. ನಿಮ್ಮ ಶಾಲೆ ಹತ್ತಿರವಿದ್ದರೆ ಶಿಕ್ಷಕರ ಜೊತೆ ಒಮ್ಮೆ ಹೋಗಿ ಬನ್ನಿ.

ನಮ್ಮ ಬಳಿ ತಣ್ಣನೆಯ ಕೋಣೆ ಇಲ್ಲ. ಮಣ್ಣಿನ ಮಡಕೆ ಇದೆ. ಹೂವಿನ ಬಾಟಲಿಯನ್ನು ರಾತ್ರಿ ಹೊತ್ತು ಗಾಳಿಯಾಡುವ ಜಗಲಿಯಲ್ಲಿ, ನೀರಿನ ಮಡಕೆಯ ಪಕ್ಕ ಇಟ್ಟರೂ ವ್ಯತ್ಯಾಸ ಕಾಣುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಪಟ್ಟಣ ಸುಮಾರು 500 ಮೀಟರ್. ಕೃಷ್ಣಗಿರಿಯವರ ಹೂವು ಹೊಸೂರಿನವರ ಹೂವಿಗಿಂತ ಮೊದಲು ಬಾಡಬೇಕು ಅಂತ ನನ್ನ ಊಹೆ. ಎರಡೂ ಕಡೆಯವರು ಒಂದೇ ದಿನ ಶುರು ಮಾಡಿ ಲೆಕ್ಕ ಇಟ್ಟರೆ ಊಹೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಇನ್ನು ಎಥಿಲೀನ್. 1901ರಲ್ಲಿ ರಷ್ಯಾದ ನೆಲ್ಯುಬೋವ್ ಎಂಬ ತರುಣ, ಅನಿಲ ದೀಪದ ಗಾಳಿಯಲ್ಲಿ ಬಟಾಣಿ ಸಸಿ ಸೊಟ್ಟಗೆ ಬೆಳೆಯಲು ಈ ಅನಿಲವೇ ಕಾರಣ ಎಂದು ತೋರಿಸಿಕೊಟ್ಟ. ಹಣ್ಣಾಗುತ್ತಿರುವ ಬಾಳೆ, ಮಾವು ಇದನ್ನು ಬಿಡುತ್ತವೆ, ಸೌದೆ ಒಲೆಯ ಹೊಗೆಯಲ್ಲೂ ಇರುತ್ತದೆ. ಕಾರ್ನೇಷನ್ ಹೂವು ಇದಕ್ಕೆ ತುಂಬ ಹೆದರುತ್ತದೆ, ಗುಲಾಬಿಯೂ ಹೆದರುತ್ತದೆ. ಸೇವಂತಿಗೆ ಹೂವು ಅಷ್ಟಾಗಿ ಲೆಕ್ಕಿಸುವುದಿಲ್ಲ, ಅದು ಹೆಚ್ಚು ದಿನ ಬರುವುದಕ್ಕೆ ಅದೂ ಒಂದು ಕಾರಣ. ಗುಲಾಬಿಯನ್ನು ಮಾತ್ರ ಬಾಳೆಗೊನೆಯ ಪಕ್ಕ ಇಡಬೇಡಿ.

ಮಾಡಿ ನೋಡಿ

ಒಂದೇ ಅಳತೆಯ ನಾಲ್ಕು ಖಾಲಿ ಬಾಟಲಿ. ಒಂದೊಂದರಲ್ಲೂ ಅರ್ಧ ಲೀಟರ್ ನೀರು, ಒಂದೇ ಉದ್ದಕ್ಕೆ ಕತ್ತರಿಸಿದ, ಒಂದೇ ವಯಸ್ಸಿನ ಮೂರು ಸೇವಂತಿಗೆ. ಮೊದಲನೆಯದರಲ್ಲಿ ಬರೀ ನೀರು, ಕೊನೆಯವರೆಗೂ ಮುಟ್ಟಬಾರದು. ಎರಡನೆಯದರಲ್ಲಿ ಬರೀ ನೀರು, ದಿನಾ ಬದಲಿಸಬೇಕು. ಮೂರನೆಯದಕ್ಕೆ ಒಂದು ಟೀ ಚಮಚ ಸಕ್ಕರೆ. ನಾಲ್ಕನೆಯದಕ್ಕೆ ಒಂದು ಚಮಚ ಸಕ್ಕರೆ, ಒಂದು ಚಮಚ ನಿಂಬೆರಸ. ಮೂರು, ನಾಲ್ಕನ್ನೂ ಮುಟ್ಟಬಾರದು. ಅಂತರ್ಜಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಲು ಹೇಳುವುದನ್ನು ಕೆಲವರು ನೋಡಿರುತ್ತೀರಿ. ಅದನ್ನು ನಿಂಬೆರಸದ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಶಾಲೆಯಲ್ಲಿ ಅದು ಬೇಡವೇ ಬೇಡ.

ಬಾಟಲಿಯ ಹೊರಗೆ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ನೀರಿನ ಮೇಲೆ ಎರಡು ಹನಿ ಅಡುಗೆ ಎಣ್ಣೆ ಬಿಟ್ಟರೆ ಅದು ತಾನಾಗಿ ಆವಿಯಾಗುವುದಿಲ್ಲ. ಗೆರೆ ಇಳಿದಷ್ಟೂ ಹೂವು ಕುಡಿದ ನೀರು. (ದಿನಾ ನೀರು ಬದಲಿಸುವ ಬಾಟಲಿಗೆ ದಿನಾ ಹೊಸ ಗೆರೆ, ಹೊಸ ಹನಿ.) ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಸುಮಾರು 300 ವರ್ಷದ ಹಿಂದೆ ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯನ್ನು ದಿನಾ ತೂಗಿ ತೂಗಿ ಗಿಡ ಎಷ್ಟು ನೀರು ಕುಡಿದು ಬಿಡುತ್ತದೆಂದು ಕಂಡುಕೊಂಡ. 1727ರಲ್ಲಿ ಪುಸ್ತಕ ಬರೆದ. ನಿಮಗೆ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಿಕ್ಕಿದರೆ ಹೂವನ್ನೇ ಹೊರತೆಗೆದು ಒರೆಸಿ ತೂಗಿ. ಮೊದಲ ಒಂದೆರಡು ದಿನ ತೂಕ ಏರಿ, ಆಮೇಲೆ ಇಳಿಯುವುದನ್ನು ಕಾಣಬಹುದು. ಇಳಿಯಲು ತೊಡಗಿದ ದಿನವನ್ನು ಗುರುತು ಮಾಡಿ. ಕಣ್ಣಿಗೆ ಹೂವು ಇನ್ನೂ ಚೆನ್ನಾಗಿಯೇ ಕಾಣುತ್ತಿರುತ್ತದೆ, ತಕ್ಕಡಿಗೆ ಮೊದಲೇ ಗೊತ್ತಾಗಿರುತ್ತದೆ.

ನಮ್ಮ ಮೊದಲ ಪ್ರಯತ್ನ ಹಾಳಾಯಿತು. ತಪ್ಪು ನನ್ನದೇ. ನಾಲ್ಕು ಬಾಟಲಿಯನ್ನು ಕಿಟಕಿಯಲ್ಲಿ ಸಾಲಾಗಿ ಇಡಿಸಿದೆ, ಮಧ್ಯಾಹ್ನ ಬಿಸಿಲು ಒಂದರ ಮೇಲೆ ಮಾತ್ರ ಬೀಳುತ್ತದೆಂದು ಗಮನಿಸಲಿಲ್ಲ. ಎರಡನೆಯ ಸಲ ಕಪಾಟಿನ ಪಕ್ಕದ ನೆರಳಿಗೆ ಸರಿಸಿದೆವು. ಸಕ್ಕರೆ ಹಾಕಿದ್ದು ಗೆಲ್ಲುತ್ತದೆ ಎಂದು ಪಂದ್ಯ ಕಟ್ಟಿದ ಹುಡುಗನೊಬ್ಬ ಸೋತ. ಮೂರನೆಯ ಬಾಟಲಿಯ ನೀರು ಮೂರೇ ದಿನಕ್ಕೆ ಕಡೆದ ಮಜ್ಜಿಗೆಯಂತೆ ಕದಡಿತ್ತು. ಸಕ್ಕರೆ ಹೂವಿಗೆ ಊಟ, ನಿಜ. ಆದರೆ ಬ್ಯಾಕ್ಟೀರಿಯಾಕ್ಕೂ ಅದೇ ಊಟ, ಅವು ಹೂವಿಗಿಂತ ಬೇಗ ತಿನ್ನುತ್ತವೆ. ನಿಂಬೆರಸ ಹಾಕಿದಲ್ಲಿ ಹುಳಿ ಅವುಗಳನ್ನು ತಡೆದಿತ್ತು. ಹೆಚ್ಚು ದಿನ ನಿಂತದ್ದು ನಾಲ್ಕನೆಯ ಬಾಟಲಿ. ದಿನಾ ನೀರು ಬದಲಿಸಿದ ಎರಡನೆಯದು ಬಹಳ ಹಿಂದೇನೂ ಬೀಳಲಿಲ್ಲ. ಸಕ್ಕರೆ ನಿಂಬೆ ಖರ್ಚು ಮಾಡಲಾಗದ ಮನೆಯಲ್ಲಿ ಎರಡನೆಯ ದಾರಿಯೇ ಸಾಕು.

ನಮ್ಮ ನೀರು, ನಮ್ಮ ಹೂವು

ಇನ್ನೊಂದು ಪರೀಕ್ಷೆ ನಮ್ಮ ಜಿಲ್ಲೆಯವರೇ ಮಾಡಬೇಕಾದದ್ದು. ಕೃಷ್ಣಗಿರಿ, ಧರ್ಮಪುರಿ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲೆ ಕಂದು ಗೆರೆ ಬಂದವರು ನಿಮ್ಮ ತರಗತಿಯಲ್ಲೂ ಇರಬಹುದು, ಅವರನ್ನು ನೋಡಿ ನಗಬೇಡಿ, ಅದು ಹಲ್ಲುಜ್ಜದೆ ಬಂದ ಕಲೆಯಲ್ಲ. ಈ ಕಾರಣಕ್ಕೇ ಕಾವೇರಿಯ ನೀರನ್ನು ಎರಡೂ ಜಿಲ್ಲೆಗೆ ತರುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು, 2013ರಲ್ಲಿ ಉದ್ಘಾಟನೆಯಾಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ.

ಹೂವಿಗೂ ಇದು ತಾಗುತ್ತದೆ. ಜರ್ಬೆರಾ ಮತ್ತು ಗ್ಲಾಡಿಯೋಲಸ್ ಹೂಗಳಿಗೆ ಲೀಟರಿಗೆ 1 ಮಿಲಿಗ್ರಾಂನಷ್ಟು ಫ್ಲೋರೈಡೇ ಹಾನಿ ಮಾಡಬಲ್ಲದು. ಎಸಳು, ಎಲೆಗಳ ಅಂಚು ಸುಟ್ಟಂತೆ ಕಂದಾಗುತ್ತದೆ. ಹಾಗಾದರೆ ಬೋರ್‌ವೆಲ್ ನೀರು, ನಲ್ಲಿಯ ಹೊಗೇನಕಲ್ ನೀರು, ಹಿಡಿದಿಟ್ಟ ಮಳೆ ನೀರು, ಮೂರರಲ್ಲಿ ಮೂರು ಮೂರು ಗ್ಲಾಡಿಯೋಲಸ್ ಇಟ್ಟು ನೋಡಬಹುದು. ಆದರೆ ಅವಸರ ಬೇಡ. ಬೋರ್‌ವೆಲ್ ನೀರಿನಲ್ಲಿ ಅಂಚು ಸುಟ್ಟರೆ "ಫ್ಲೋರೈಡ್ ಇದೆ" ಎಂದು ಊರೆಲ್ಲ ಸಾರಬೇಡಿ. ಆ ನೀರಿನಲ್ಲಿ ಬೇರೆ ಲವಣಗಳೂ ಇರುತ್ತವೆ, ಅವೂ ಎಲೆಯಂಚನ್ನು ಸುಡಬಲ್ಲವು. ಹೂವು ಕೊಡುವುದು ಒಂದು ಸಂಶಯ ಮಾತ್ರ. ಸಂಶಯ ಬಂದರೆ ನೀರನ್ನು ಪರೀಕ್ಷೆಗೆ ಕಳಿಸಲು ಮುಖ್ಯೋಪಾಧ್ಯಾಯರಿಗೆ ಹೇಳಿ. ಆ ಉತ್ತರ ಬರುವವರೆಗೆ ಪುಸ್ತಕದಲ್ಲಿ "ಅಂಚು ಕಂದಾಯಿತು, ನಾಲ್ಕನೇ ದಿನ" ಎಂದು ಕಂಡದ್ದನ್ನಷ್ಟೇ ಬರೆಯಿರಿ.

ಹುಡುಗಿಯ ಹೂವಿನ ಕತೆ ಬಾಕಿ ಇದೆ. ಅವಳ ತಂದೆ ಮಾರನೆಯ ದಿನ ಹೇಳಿದಂತೆಯೇ ಉಳುಮೆ ಮಾಡಿಸಿದರು. ಆ ಹೊಲದಲ್ಲಿ ಈಗ ಟೊಮೇಟೊ ಇದೆ. ಹೊಲದಲ್ಲಿ ಸೇವಂತಿಗೆಯ ಗುರುತೂ ಉಳಿಯದ ಮೇಲೂ ನಮ್ಮ ಕಪಾಟಿನ ಪಕ್ಕದಲ್ಲಿ ಅದರ ಹೂವು ನಿಂತೇ ಇತ್ತು. ಒಂದು ಶನಿವಾರ ಆ ತಂದೆ ಮಗಳ ಪ್ರಗತಿ ಪತ್ರಕ್ಕೆ ಸಹಿ ಹಾಕಲು ಬಂದವರು ಬಾಟಲಿಗಳನ್ನು ನೋಡಿ, "ಇದು ನಮ್ದೇನಾ?" ಅಂದರು. ಹೌದೆಂದೆ. ಒಂದು ಹೂವನ್ನು ತಿರುಗಿಸಿ ನೋಡಿದರು. "ಇಷ್ಟು ವರ್ಷ ಬೆಳೆದಿದೀನಿ ಸಾರ್, ಇದು ಎಷ್ಟು ದಿನ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಮಂಡಿಗೆ ಹಾಕಿದ ಮೇಲೆ ನಮ್ಮ ಲೆಕ್ಕ ಮುಗೀತು" ಅಂದರು.

ಎಸಳು ಪೂರ್ತಿ ಒಣಗಿದ ಮೇಲೆ ಹುಡುಗಿಗೆ ಎಸೆಯಲು ಮನಸ್ಸಾಗಲಿಲ್ಲ. ಎರಡನೆಯ ಬಾಟಲಿಯನ್ನು ಹಾಗೇ ಬಿಟ್ಟು ನೀರು ಮಾತ್ರ ಬದಲಿಸುತ್ತಿದ್ದಳು. ಒಂದು ಬೆಳಿಗ್ಗೆ ಬಂದು ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ಮೂರು ಕಡ್ಡಿಗಳಲ್ಲಿ ಒಂದರ ನೀರೊಳಗಿನ ಗಂಟಿನಿಂದ ದಾರದಂತೆ ಬಿಳಿ ಬೇರುಗಳು ಇಳಿದಿದ್ದವು. ಹೂ ಬಿಟ್ಟ ಕಡ್ಡಿಯಲ್ಲಿ ಎಲ್ಲ ಸಲವೂ ಹೀಗಾಗುವುದಿಲ್ಲ. ಹೂ ಬಿಡದ ಎಳೆಯ ಕುಡಿ ಇಟ್ಟರೆ ಸುಲಭವಾಗಿ ಬೇರು ಬರುತ್ತದೆ, ರೈತರು ಸಸಿ ಮಾಡುವುದೂ ಹಾಗೆಯೇ. ನೀವೂ ನಿಮ್ಮ ಕೊನೆಯ ಹೂವನ್ನು ಬಾಡಿದ ಕೂಡಲೇ ಎಸೆಯಬೇಡಿ. ಒಣ ಹೂವನ್ನು ಕತ್ತರಿಸಿ, ಎರಡು ಎಲೆ ಉಳಿಸಿ, ಇನ್ನೆರಡು ವಾರ ನೀರು ಬದಲಿಸುತ್ತಿರಿ. ಬೇರು ಒಂದು ಬೆರಳುದ್ದ ಆದಾಗ ಕುಂಡಕ್ಕೆ ಇಳಿಸಿ, ಬೇಸಿಗೆಯಲ್ಲಿ ನೆರಳಲ್ಲಿಡಿ. ಶಾಲೆಯ ಬೀದಿದೀಪದ ಬೆಳಕು ರಾತ್ರಿ ಅದರ ಮೇಲೆ ಬೀಳುವ ಜಾಗ ಮಾತ್ರ ಬೇಡ. ಯಾಕೆಂದು ಮೇಲೆ ಓದಿದ್ದೀರಿ.